ಐದು ನಿಮಿಷದ ಲೆಕ್ಕ

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರೆಡ್‌ಹಿಲ್‌ನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯಬಿಂಬವನ್ನು ತೆರೆಯ ಮೇಲೆ ಬೀಳಿಸಿಕೊಂಡು ಸೌರಕಲೆಗಳ ಚಿತ್ರ ಬರೆಯುತ್ತಿದ್ದ. 11 ಗಂಟೆ 18 ನಿಮಿಷಕ್ಕೆ ಕಲೆಗಳ ಗುಂಪಿನ ಮೇಲೆ ಎರಡು ಕಡೆ ಬಿಳಿ ಬೆಳಕು ಭಗ್ಗನೆ ಹೊತ್ತಿತು. ಸಾಕ್ಷಿಗೊಬ್ಬರು ಇರಲೆಂದು ಕರೆಯಲು ಓಡಿದ. ಒಂದು ನಿಮಿಷದೊಳಗೆ ಮರಳಿ ಬಂದು ನೋಡಿದರೆ ಬೆಳಕು ಆಗಲೇ ಸೊರಗಿತ್ತು, 11.23ಕ್ಕೆ ಪೂರ್ತಿ ಆರಿಹೋಯಿತು. ಎಂ.ಎಸ್ಸಿ. ತರಗತಿಯಲ್ಲಿ ಪ್ಲಾಸ್ಮಾ ಪಾಠ ಶುರು ಮಾಡುವಾಗ ನಾನು ಬೋರ್ಡಿನ ಮೇಲೆ ಮೊದಲು ಬರೆಯುವುದು ಆ ಸೌರಜ್ವಾಲೆಯ ಈ ಐದು ನಿಮಿಷವನ್ನೇ.

ಇಷ್ಟು ಬೇಗ ಅಷ್ಟೊಂದು ಶಕ್ತಿ ಹೊರಬರುವುದು ಹೇಗೆ? 1956ರಲ್ಲಿ ಸ್ಟಾಕ್‌ಹೋಮ್ ಸಭೆಯೊಂದರಲ್ಲಿ ಪೀಟರ್ ಸ್ವೀಟ್ ಒಂದು ದಾರಿ ತೋರಿಸಿದ. ಎದುರುಬದುರು ದಿಕ್ಕಿನ ಕಾಂತಕ್ಷೇತ್ರಗಳು ಒತ್ತಿಕೊಂಡಾಗ ನಡುವೆ ವಿದ್ಯುತ್ ಹರಿಯುವ ತೆಳು ಪದರ ಉಂಟಾಗುತ್ತದೆ. ಅಲ್ಲಿ ಬಲರೇಖೆಗಳು ಕಡಿದು ಹೊಸದಾಗಿ ಕೂಡಿಕೊಳ್ಳುತ್ತವೆ; ಇದೇ ಮರುಜೋಡಣೆ. ಭಾಷಣ ಕೇಳಿದ ಯೂಜೀನ್ ಪಾರ್ಕರ್ ಊರಿಗೆ ಮರಳುವ ಪ್ರಯಾಣದಲ್ಲೇ ಲೆಕ್ಕ ಹಾಕಿದ. ಬಂದ ಉತ್ತರ ನಿಮಿಷಗಳಲ್ಲ, ತಿಂಗಳುಗಳು. ಪದರ ತೀರಾ ಉದ್ದ, ತೀರಾ ತೆಳು; ಒಳಬಂದ ಪ್ಲಾಸ್ಮಾವೆಲ್ಲ ಆ ಕಿರಿದಾದ ಸಂದಿಯಿಂದಲೇ ಹೊರಹೋಗಬೇಕು. 1964ರಲ್ಲಿ ಪೆಟ್‌ಶೆಕ್ ಪದರವನ್ನು ಮೋಟು ಮಾಡಿ ವೇಗ ತಂದ. ಆದರೆ ಎಲ್ಲೆಡೆ ಒಂದೇ ರೋಧಕತೆ ಇಟ್ಟು 1986ರಲ್ಲಿ ಬಿಸ್ಕಾಂಪ್ ಕಂಪ್ಯೂಟರಿನಲ್ಲಿ ಪರೀಕ್ಷಿಸಿದಾಗ ಪದರ ಮತ್ತೆ ಉದ್ದವಾಯಿತು.

ಬೇಕಾದ ಸುಳಿವು ಪೆಟ್‌ಶೆಕ್‌ಗಿಂತ ಮೊದಲೇ ಅಚ್ಚಾಗಿತ್ತು, ಬೇರೆ ಓಣಿಯಲ್ಲಿ. ಸಮ್ಮಿಳನ ರಿಯಾಕ್ಟರಿನ ಕನಸು ಹೊತ್ತ ಫರ್ತ್, ಕಿಲೀನ್ ಮತ್ತು ರೋಸೆನ್‌ಬ್ಲೂತ್ 1963ರಲ್ಲೇ ಇಂಥ ಪದರ ತಾನಾಗಿ ಸೀಳುತ್ತದೆಂದು ತೋರಿಸಿದ್ದರು. ಅವರಿಗದು ಪ್ಲಾಸ್ಮಾ ಕೈತಪ್ಪಿಸುವ ಪೀಡೆ. ಸೂರ್ಯನನ್ನು ಓದುವವರಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಅದನ್ನು ಗಮನಿಸಿದರೂ ಪೂರ್ಣ ಲೆಕ್ಕ ಬಂದದ್ದು 2007ರಲ್ಲಿ, ಲೌರೇರೊ, ಷೆಕೊಚಿಹಿನ್ ಮತ್ತು ಕೌಲಿ ಅವರಿಂದ. ಪ್ಲಾಸ್ಮಾದ ವಾಹಕತೆಯನ್ನು ಅಳೆಯುವ ಲುಂಡ್‌ಕ್ವಿಸ್ಟ್ ಸಂಖ್ಯೆ ಸುಮಾರು 10,000 ದಾಟಿದರೆ ಸ್ವೀಟ್–ಪಾರ್ಕರ್ ಪದರ ನಿಲ್ಲುವುದೇ ಇಲ್ಲ. ಸೌರಕಿರೀಟದಲ್ಲಿ ಆ ಸಂಖ್ಯೆ ಲಕ್ಷ ಕೋಟಿ ಮುಟ್ಟುತ್ತದೆ!

ನಮ್ಮ ಪ್ರಯೋಗಾಲಯದ ಪರದೆಯ ಮೇಲೆ ಇದನ್ನು ನೋಡಬೇಕು. ಪದರ ಕೂದಲಿನಷ್ಟು ಸಣ್ಣಗಾಗುತ್ತಾ ಬಂದು, ನಡುವೆ ಒಂದು ಗಂಟು ಉಬ್ಬುತ್ತದೆ. ಅದರ ಎರಡೂ ಬದಿಗೆ ಇನ್ನೆರಡು, ಆಮೇಲೆ ಸಾಲುಸಾಲು. ಚಿಕ್ಕವು ದೊಡ್ಡವುಗಳಲ್ಲಿ ಲೀನವಾಗಿ ಹೊರಕ್ಕೆ ಚಿಮ್ಮುತ್ತವೆ. ಗಂಟುಗಳ ನಡುವಿನ ತುಂಡುಗಳು ಗಿಡ್ಡ, ಹಾಗಾಗಿ ಒಂದೊಂದರಲ್ಲೂ ಕೆಲಸ ಚುರುಕು. ಖರಗ್‌ಪುರದ ಐಐಟಿಯಲ್ಲಿ ಓದಿದ ಅಮಿತಾವ ಭಟ್ಟಾಚಾರ್ಜಿ ಮತ್ತು ಸಂಗಡಿಗರು 2009ರಲ್ಲಿ ಇದನ್ನೇ ಸಿಮ್ಯುಲೇಶನ್ನಿನಲ್ಲಿ ಕಂಡರು. ವಾಹಕತೆ ಎಷ್ಟೇ ಹೆಚ್ಚಿದರೂ ಮರುಜೋಡಣೆಯ ವೇಗ ಹೆಚ್ಚುಕಡಿಮೆ ಆಲ್ಫ್ವೆನ್ ವೇಗದ, ಅಂದರೆ ಬಲರೇಖೆಗಳ ಗುಂಟ ಕಾಂತ ಅಲೆಗಳು ಸಾಗುವ ವೇಗದ, ನೂರರಲ್ಲೊಂದು ಪಾಲಿನಲ್ಲಿ ನಿಲ್ಲುತ್ತದೆ. ತಿಂಗಳುಗಳು ನಿಮಿಷಗಳಿಗೆ ಇಳಿದವು.

ಪೀಡೆಯೆಂದು ದೂರವಿಟ್ಟದ್ದೇ ಉತ್ತರದ ಮುಖ್ಯ ಭಾಗವಾಗಿತ್ತು. ನಮ್ಮ ಪಠ್ಯಕ್ರಮದಲ್ಲಿ ಇಂದಿಗೂ ಸೌರಜ್ವಾಲೆ ಖಗೋಳದ ಅಧ್ಯಾಯದಲ್ಲಿದೆ, 1963ರ ಪ್ರಬಂಧ ಸಮ್ಮಿಳನದ ಅಧ್ಯಾಯದಲ್ಲಿದೆ. ಆದಿತ್ಯ-ಎಲ್1 ನೌಕೆಯ ಕೊರೊನಾಗ್ರಾಫ್ ನಮ್ಮ ಹೊಸಕೋಟೆಯಲ್ಲೇ ತಯಾರಾಗಿದೆ. ಅದರ ದತ್ತಾಂಶ ಓದಬೇಕಾದ ಮಕ್ಕಳಿಗೆ ಈ ಎರಡನ್ನೂ ಒಂದೇ ವಾರದಲ್ಲಿ ಕಲಿಸಿ ಎಂದು ಅಧ್ಯಾಪಕ ಮಿತ್ರರಲ್ಲಿ ಕೇಳಿಕೊಳ್ಳುತ್ತೇನೆ.