ಗೆರೆ ಎಳೆಯುವವರು, ಬೂತ್ ಹುಡುಕುವವರು

ಬೆಳಗಾವಿ ಸೀಮೆಯಲ್ಲಿ ಗಡಿ ಎಂದ ಕೂಡಲೇ 1967ರ ಮಹಾಜನ ವರದಿಯ ಮಾತು ಬರುತ್ತದೆ. ನಿಪ್ಪಾಣಿ ಯಾವ ರಾಜ್ಯದ್ದು ಎಂಬ ಗದ್ದಲದಲ್ಲಿ, ನಿಪ್ಪಾಣಿಯ ಒಂದು ವಾರ್ಡು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಕೇಳುವವರು ಕಡಿಮೆ. ಆದರೆ ನಲ್ಲಿ, ಗಟಾರು, ಬೀದಿದೀಪಕ್ಕಾಗಿ ಯಾರ ಮನೆ ಬಾಗಿಲಿಗೆ ಹೋಗಬೇಕು ಎಂಬುದನ್ನು ತೀರ್ಮಾನಿಸುವುದು ಆ ಸಣ್ಣ ಗಡಿಯೇ.

ಇಲ್ಲಿಯ ಚುನಾವಣಾ ನಕ್ಷೆಯ ಮೊದಲ ಗೆರೆಗಳು ಮುಂಬೈ ಆಡಳಿತದವು. ರಾಯಬಾಗವಂತೂ 1949ರವರೆಗೆ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಮುಂಬೈ ರಾಜ್ಯದವರಾಗಿ ಮತ ಹಾಕಿದ ಜನ, 1957ರಲ್ಲಿ ಮೈಸೂರು ರಾಜ್ಯದವರಾಗಿ ಹಾಕಿದರು. ಪಂಚಾಯತಿಗಳಿಗೆ 1959ರ ಕಾಯ್ದೆ, ಪುರಸಭೆಗಳಿಗೆ 1964ರ ಕಾಯ್ದೆ ಬಂದವು. 1987ರಲ್ಲಿ ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯತಿಗೆ 400 ಜನರಿಗೊಬ್ಬ ಸದಸ್ಯ ಎಂದು ಲೆಕ್ಕ ಹಾಕಿಕೊಟ್ಟಿತು. ಅದೇ ವರ್ಷ ರಾಜ್ಯ ಚುನಾವಣಾ ಆಯೋಗವೂ ಹುಟ್ಟಿತು.

ಬ್ರಿಟನ್ನಿನಲ್ಲಿ ಮತಗಟ್ಟೆಗಳ ಪರಿಶೀಲನೆಯನ್ನು ಐದು ವರ್ಷಕ್ಕೊಮ್ಮೆ ಸ್ಥಳೀಯ ಕೌನ್ಸಿಲ್ಲೇ ನಡೆಸುತ್ತದೆ. ನಮ್ಮಲ್ಲಿ ಮತಗಟ್ಟೆಯಿರಲಿ, ಕ್ಷೇತ್ರದ ಗೆರೆಯಿರಲಿ, ಸ್ಥಳೀಯ ಸಂಸ್ಥೆಯ ಕೈಯಲ್ಲಿಲ್ಲ. ಗ್ರಾಮ ಪಂಚಾಯತಿ ಕ್ಷೇತ್ರಗಳನ್ನು ಜಿಲ್ಲಾಧಿಕಾರಿ ವಿಂಗಡಿಸುತ್ತಾರೆ, ಪಟ್ಟಣದ ವಾರ್ಡುಗಳ ಅಧಿಸೂಚನೆ ಸರ್ಕಾರದ್ದು. ಆಯ್ಕೆಯಾದ ಸದಸ್ಯರೂ ಬೇಕಾದರೆ ಎಲ್ಲರಂತೆ ಒಂದು ಆಕ್ಷೇಪಣಾ ಅರ್ಜಿ ಬರೆದು ಕೊಡಬೇಕು. 2018ರ ಆಗಸ್ಟ್‌ನಲ್ಲಿ ಮತದಾನ ಕಂಡ ನಿಪ್ಪಾಣಿ ನಗರಸಭೆಯ 31 ವಾರ್ಡು, ಚಿಕ್ಕೋಡಿ ಪುರಸಭೆಯ 23 ವಾರ್ಡುಗಳು 2011ರ ಜನಗಣತಿಯ ಮೇಲೆ ನಿಂತವು. ಕರಡು ಅಧಿಸೂಚನೆಯಲ್ಲಿ ಪ್ರತಿ ವಾರ್ಡಿನ ಚಕ್ಕುಬಂದಿ ಇರುತ್ತದೆ: ಪೂರ್ವಕ್ಕೆ ಇಂಥ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ. ಇದನ್ನು ಓದಿ ತಮ್ಮ ಓಣಿ ಎತ್ತ ಹೋಯಿತೆಂದು ತಿಳಿಯುವುದು ಮತದಾರರಿಗೆ ಸುಲಭವಲ್ಲ, ಟಿಕೆಟ್ ಆಕಾಂಕ್ಷಿಗಳಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಅವರ ಕಣ್ಣೂ ಗೆರೆಗಿಂತ ಹೆಚ್ಚಾಗಿ ಮೀಸಲಾತಿ ಪಟ್ಟಿಯ ಮೇಲಿರುತ್ತದೆ.

ವಿಧಾನಸಭೆಯ ನಕ್ಷೆ ಬದಲಾದದ್ದು 2008ರ ಚುನಾವಣೆಗೆ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ 2001ರ ಜನಗಣತಿಯನ್ನು ಆಧರಿಸಿ ಗೆರೆ ಎಳೆಯಿತು. ಸಂಕೇಶ್ವರ ಕ್ಷೇತ್ರ ಮಾಯವಾಯಿತು, ಸದಲಗಾ ಚಿಕ್ಕೋಡಿಯ ಜೊತೆ ಸೇರಿತು, ರಾಯಬಾಗದ ಪಕ್ಕ ಕುಡಚಿ ಹೊಸದಾಗಿ ಹುಟ್ಟಿತು. ಚಿಕ್ಕೋಡಿ ತಾಲೂಕಿನ ನಾಗರಮುನ್ನೋಳಿ, ಕಬ್ಬೂರು ಭಾಗದವರು ಶಾಸಕರನ್ನು ಆರಿಸುವುದು ರಾಯಬಾಗ ಕ್ಷೇತ್ರಕ್ಕೆ. ಬಿ. ಶಂಕರಾನಂದರು ಏಳು ಸಲ ಗೆದ್ದಿದ್ದ ಚಿಕ್ಕೋಡಿ ಲೋಕಸಭಾ ಕ್ಷೇತ್ರ ಮೀಸಲಾತಿಯಿಂದ ಹೊರಬಂದು 2009ರಿಂದ ಸಾಮಾನ್ಯವಾಯಿತು. ಕಾಗವಾಡ, ನಿಪ್ಪಾಣಿಗಳದು ಬೇರೆಯೇ ಕತೆ: ಅಲ್ಲಿ ವಿಧಾನಸಭಾ ಕ್ಷೇತ್ರ ಮೊದಲು ಬಂತು, ತಾಲೂಕಿನ ಪಟ್ಟ ಸಿಕ್ಕಿದ್ದು 2017ರ ಬಜೆಟ್ ಘೋಷಣೆಯ ನಂತರ.

ಮತಗಟ್ಟೆಯ ವಿಷಯದಲ್ಲಿ ವ್ಯವಸ್ಥೆ ಹೆಚ್ಚು ಕಲಿತಿದೆ ಎಂಬುದು ನನ್ನ ಅಭಿಪ್ರಾಯ. ವಿಧಾನಸಭೆ, ಲೋಕಸಭೆ ಚುನಾವಣೆಗೆ ಜಿಲ್ಲಾ ಚುನಾವಣಾಧಿಕಾರಿ ಕರಡು ಪಟ್ಟಿ ಹೊರಡಿಸಿ, ಪಕ್ಷಗಳ ಸಭೆ ಕರೆದು, ಚುನಾವಣಾ ಆಯೋಗದ ಒಪ್ಪಿಗೆ ಪಡೆಯಬೇಕು. ಮತದಾರ ಎರಡು ಕಿಲೋಮೀಟರಿಗಿಂತ ಹೆಚ್ಚು ನಡೆಯುವಂತಾಗಬಾರದು, ಕೋಣೆ ನೆಲಮಹಡಿಯಲ್ಲಿರಬೇಕು, ಗುಡಿ, ಮಸೀದಿ, ಪೊಲೀಸ್ ಠಾಣೆ ಬೇಡ. ಒಂದು ಬೂತಿಗೆ 1,500 ಮತದಾರರಿದ್ದ ಮಿತಿಯನ್ನು 2025ರಲ್ಲಿ 1,200ಕ್ಕೆ ಇಳಿಸಲಾಗಿದೆ.

ಈ ನಿಯಮಗಳ ನಿಜವಾದ ಪರೀಕ್ಷೆ ಅಥಣಿ, ರಾಯಬಾಗಗಳಲ್ಲಿ. ಇಲ್ಲಿ ಊರೆಂದರೆ ಊರೊಳಗಿನ ಮನೆಗಳಷ್ಟೇ ಅಲ್ಲ. ಕಬ್ಬಿನ ನಡುವೆ ತೋಟದ ವಸ್ತಿಗಳಲ್ಲಿ ಕುಟುಂಬಗಳು ವರ್ಷವಿಡೀ ಇರುತ್ತವೆ, ದನ ಕಟ್ಟಿಕೊಂಡು, ಪಂಪ್‌ಸೆಟ್ಟಿನ ಕರೆಂಟ್ ಕಾಯುತ್ತ. ಕಂದಾಯ ಗ್ರಾಮದ ಹೆಸರಿನಲ್ಲಿ ಬೂತ್ ಹಾಕಿದರೆ ಇವರಿಗೆ ಅದು ದೂರವೇ. ಉಳಿಸಿದ್ದು ತೋಟದ ಶಾಲೆಗಳು. ಮನೆತನಗಳ ಹೆಸರು ಹೊತ್ತ ತೋಟಗಳಲ್ಲಿ ಸರ್ಕಾರ ತೆರೆದ ಕಿರಿಯ ಪ್ರಾಥಮಿಕ ಶಾಲೆಗಳು ಮಕ್ಕಳಿಗೂ ಆದವು, ಮತದಾನಕ್ಕೂ ಒದಗಿದವು. ಮಕ್ಕಳ ಸಂಖ್ಯೆ ಕಡಿಮೆಯೆಂದು ಇಂಥ ಶಾಲೆ ಮುಚ್ಚುವ ಮಾತು ಬಂದಾಗ, ಅದರ ಜೊತೆ ಒಂದು ಬೂತೂ ಹೋಗುತ್ತದೆಂದು ಯಾರೂ ಲೆಕ್ಕ ಹಾಕುವುದಿಲ್ಲ.

ಇನ್ನೊಂದು ಪರೀಕ್ಷೆ ನದಿ. ಮತದಾರ ಹೊಳೆ ದಾಟಿ ಬರುವಂತೆ ಬೂತ್ ಇಡಬಾರದೆಂಬುದು ಆಯೋಗದ ಸೂಚನೆ. ಮಳೆಗಾಲದಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿದರೆ ಯಡೂರು-ಕಲ್ಲೋಳ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ ಸೇತುವೆಗಳು ಮುಳುಗುತ್ತವೆ. ನಕ್ಷೆಯಲ್ಲಿ ಒಂದು ಕಿಲೋಮೀಟರು ಇದ್ದದ್ದು ಸುತ್ತು ಹಾಕಿದರೆ ಹಲವು ಪಟ್ಟು. 2019ರ ಆಗಸ್ಟ್‌ನಲ್ಲಿ ಮಹಾಪೂರ ಬಂತು, ಅಥಣಿ, ಕಾಗವಾಡಗಳ ಉಪಚುನಾವಣೆ ಅಕ್ಟೋಬರಿನಿಂದ ಡಿಸೆಂಬರ್ 5ಕ್ಕೆ ಹೋಯಿತು. ಆದರೆ ಮುಂದೆ ಹೋದದ್ದು ಅಲ್ಲಿಯ ಶಾಸಕರ ಅನರ್ಹತೆಯ ಮೊಕದ್ದಮೆಯಿಂದ, ನೆರೆಯಿಂದಲ್ಲ.

ಬೂತ್ ಹೀಗೆ ಜನರ ಹತ್ತಿರ ಬರುತ್ತಿದ್ದರೆ ಕ್ಷೇತ್ರದ ಗೆರೆ ದೂರ ಸರಿಯುತ್ತಿದೆ. 2021ರಲ್ಲಿ ಜಿಲ್ಲಾ, ತಾಲೂಕು ಪಂಚಾಯತಿ ಕ್ಷೇತ್ರಗಳ ವಿಂಗಡಣೆಯನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಸರ್ಕಾರ ನೇಮಿಸುವ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟರು. ಚುನಾವಣೆ ಮುಂದೂಡಲು ಇದಕ್ಕಿಂತ ಅನುಕೂಲದ ನೆಪ ಸಿಗಲಿಲ್ಲ. ವಿಳಂಬಕ್ಕಾಗಿ ಹೈಕೋರ್ಟು ಸರ್ಕಾರಕ್ಕೆ ದಂಡ ಹಾಕಿದರೂ ಚುನಾವಣೆ ಬೇಗ ಬರಲಿಲ್ಲ. ಕೊನೆಯ ಜಿಲ್ಲಾ, ತಾಲೂಕು ಪಂಚಾಯತಿ ಚುನಾವಣೆ ನಡೆದದ್ದು 2016ರಲ್ಲಿ. ಆಮೇಲೆ ತಾಲೂಕುಗಳಾದ ನಿಪ್ಪಾಣಿ, ಕಾಗವಾಡಗಳ ಜನರಿಗೆ ತಮ್ಮದೇ ತಾಲೂಕು ಪಂಚಾಯತಿಗೆ ಮತ ಹಾಕುವ ಅವಕಾಶ 2024 ಮುಗಿದರೂ ಬಂದಿರಲಿಲ್ಲ.