ಕೀಲುಬ್ಯಾನಿಯೂ ನಲವತ್ತರ ಗೆರೆಯೂ

ನಮ್ಮ ಸೀಮೆಯ ಚರಿತ್ರೆ ಕೇಳಿದರೆ ಯಾರಾದರೂ 1858ರ ಸುರಪುರ, ರಾಜಾ ವೆಂಕಟಪ್ಪ ನಾಯಕ, ಟೇಲರ್ ಮಂಜಿಲ್, ಯಾದಗಿರಿಯ ಕೋಟೆ, ಶಹಾಪುರದ ಮಲಗಿದ ಬುದ್ಧನ ಬೆಟ್ಟ ಎಂದು ಹೇಳುತ್ತಾರೆ. ಇಲ್ಲಿಯ ಜನರ ಮೊಣಕಾಲು, ಸೊಂಟ, ಬೆರಳುಗಳಿಗೂ ಒಂದು ಚರಿತ್ರೆ ಇದೆ. ಅದು ತಹಶೀಲ್ ಕಚೇರಿಯ ಅರ್ಜಿಗಳಲ್ಲಿದೆ. ಅರ್ಜಿ ಬರೆಯುವುದು ನನ್ನ ಅಪ್ಪನ ಕಸುಬು, ಅವರ ನಂತರ ನನ್ನದು.

ಅಪ್ಪ ಶಹಾಪುರದಲ್ಲಿ ಕಸುಬು ಹಿಡಿದಾಗ ನಿಜಾಮರ ಆಳ್ವಿಕೆ. ಕಚೇರಿಯ ಭಾಷೆ ಉರ್ದು. 1956ರ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅವರು ಅದೇ ಕೈಯಿಂದ ಕನ್ನಡದ ಅರ್ಜಿ ಬರೆಯತೊಡಗಿದರು. ಅವರು ಬರೆದದ್ದೆಲ್ಲ ಹೊಲದ ತಕರಾರು, ತಕಾವಿ ಸಾಲ, ಬರಗಾಲದ ಪರಿಹಾರ. ಮೈ ಸೋತವರು ಸರ್ಕಾರವನ್ನು ಕೇಳಬಹುದು ಎಂಬ ವಿಚಾರವೇ ಆಗ ಜನರಲ್ಲಿ ಇರಲಿಲ್ಲ. ಕೀಲು ಹಿಡಿದವರನ್ನು ಮಕ್ಕಳು ನೋಡಿಕೊಳ್ಳಬೇಕು. ಮಕ್ಕಳಿಲ್ಲದವರು ತಿಂಥಣಿ ಮೌನೇಶ್ವರನ ಜಾತ್ರೆಯಲ್ಲೋ ಗೋಗಿಯ ಉರುಸಿನಲ್ಲೋ ಬಟ್ಟೆ ಹಾಸಿಕೊಂಡು ಕೂಡಬೇಕು.

ನಾನು ಅಪ್ಪನ ಜಾಗದಲ್ಲಿ ಕೂತ ಹೊತ್ತಿಗೆ ಮಾಸಾಶನದ ಅರ್ಜಿಗಳು ಬರತೊಡಗಿದ್ದವು. ನಮ್ಮ ಕಡೆ ಅದಕ್ಕೆ ಇವತ್ತಿಗೂ ‘ಅಂಗವಿಕಲ ಪಗಾರ’ ಅನ್ನುತ್ತಾರೆ. ಪೋಲಿಯೊದಿಂದ ಕಾಲು ಸಣ್ಣಗಾದವರ, ಕಣ್ಣಿಲ್ಲದವರ ಅರ್ಜಿ ಬೇಗ ಮುಂದೆ ಹೋಗುತ್ತಿತ್ತು. ಕೀಲುಬ್ಯಾನಿಯವರದು ಅಲ್ಲೇ ನಿಲ್ಲುತ್ತಿತ್ತು. ನೋಡಿದವರಿಗೆ ಅವರಲ್ಲಿ ಯಾವ ಊನವೂ ಕಾಣುತ್ತಿರಲಿಲ್ಲ.

ಹಾಗೆ ನೋಡಿದರೆ ಕಾನೂನು ಕೀಲನ್ನು ಬಿಟ್ಟಿರಲಿಲ್ಲ. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯ ಹೆಸರಿಸಿತು. ಅದರಲ್ಲಿ ಚಲನ ವೈಕಲ್ಯವೆಂದರೆ ಮೂಳೆ, ಕೀಲು ಅಥವಾ ಸ್ನಾಯುವಿನ ತೊಂದರೆಯಿಂದ ಕೈಕಾಲಿನ ಚಲನೆ ಬಹಳಷ್ಟು ಕುಗ್ಗುವುದು ಎಂದು ಸ್ಪಷ್ಟವಾಗಿಯೇ ಬರೆದಿತ್ತು. 2016ರ ಕಾಯ್ದೆ ಏಳನ್ನು ಇಪ್ಪತ್ತೊಂದಕ್ಕೆ ಏರಿಸಿತು. ಕುಬ್ಜರು, ಆಸಿಡ್ ದಾಳಿಗೆ ತುತ್ತಾದವರು, ಪಾರ್ಕಿನ್ಸನ್ ರೋಗಿಗಳು ಎಲ್ಲರಿಗೂ ಹೆಸರು ಸಿಕ್ಕಿತು. ಸಂಧಿವಾತಕ್ಕೆ ಮಾತ್ರ ಅದರದೇ ಹೆಸರಿನ ಜಾಗ ಸಿಗಲಿಲ್ಲ. ಅದು ಚಲನ ವೈಕಲ್ಯದ ಬಾಗಿಲಿನಿಂದಲೇ ಒಳಗೆ ಬರಬೇಕು. ಆ ಬಾಗಿಲಿಗೆ ಶೇ. 40ರ ಹೊಸ್ತಿಲಿದೆ.

ಆ ನಲವತ್ತನ್ನು ಅಳೆಯುವ ರೀತಿ ಕೇಳಿ. ಕೀಲು ಎಷ್ಟು ಡಿಗ್ರಿ ಮಡಚುತ್ತದೆ, ಸ್ನಾಯುವಿಗೆ ಎಷ್ಟು ಬಲವಿದೆ, ಗುಂಡಿ ಹಾಕುವುದು, ಕುಕ್ಕರಗಾಲಲ್ಲಿ ಕೂಡುವುದು, ಮೆಟ್ಟಿಲು ಹತ್ತುವುದು ಆಗುತ್ತದೆಯೇ ಎಂದು ನೋಡಿ ಅಂಕ ಕೂಡುತ್ತಾರೆ. ನೋವು ಬರುವುದು ಕೊನೆಯಲ್ಲಿ, ಹೆಚ್ಚುವರಿ ಅಂಕವಾಗಿ. ನೋವು, ಸೊಟ್ಟತನ, ಸೋಂಕು ಇಂಥವೆಲ್ಲ ಸೇರಿದರೂ ಆ ಹೆಚ್ಚುವರಿ ಹತ್ತನ್ನು ದಾಟುವುದಿಲ್ಲ. ರಾತ್ರಿಯೆಲ್ಲ ನಿದ್ದೆಗೆಡಿಸುವ ನೋವು ತಾನೊಂದೇ ಯಾರನ್ನೂ ನಲವತ್ತಕ್ಕೆ ಮುಟ್ಟಿಸಲಾರದು. ಇದು ನ್ಯಾಯವಲ್ಲ ಎಂದು ನಾನು ಹೇಳುತ್ತೇನೆ.

ಹುಣಸಗಿ ಕಡೆಯ ಒಬ್ಬ ಹೆಣ್ಣುಮಗಳು ಅರ್ಜಿ ತಿರಸ್ಕಾರವಾಗಿ ನನ್ನ ಹತ್ತಿರ ಬಂದಿದ್ದಳು. ‘ಯಣ್ಣಾ, ಮಣಕಾಲ ಮಡಚು ಅಂದ್ರು, ಮಡಚಿದೆ. ಮಡಚಿದ ಮ್ಯಾಲ ಏಳಾಕ ಎಷ್ಟೊತ್ತು ಹಿಡೀತದ ಅಂತ ಯಾರೂ ಕೇಳಲಿಲ್ಲ’ ಅಂದಳು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಭತ್ತದ ನಾಟಿ ಮಾಡಿದವಳು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಸುರಪುರ, ಶಹಾಪುರದ ಜೋಳ ತೊಗರಿಯ ಹೊಲಗಳು ಗದ್ದೆಗಳಾದವು. ನೀರು ಬಂದದ್ದು ಒಳ್ಳೆಯದೇ. ಆದರೆ ಕೆಸರಿನಲ್ಲಿ ನಡ ಬಗ್ಗಿಸಿ ನಾಟಿ ಹಚ್ಚುವ ಕೆಲಸ ಹೆಂಗಸರ ಪಾಲಿಗೆ ಬಂತು. ಅವರ ಸೊಂಟ, ಮೊಣಕಾಲು ಸವೆದದ್ದನ್ನು ನೀರಾವರಿಯ ಯಾವ ಲೆಕ್ಕದಲ್ಲೂ ನಾನು ನೋಡಿಲ್ಲ.

ಕಾಲುವೆ ಮುಟ್ಟದ ಊರುಗಳಲ್ಲಿ ಕೊಳವೆಬಾವಿಯ ನೀರು. ನಮ್ಮ ಸೀಮೆಯ ಹಲವು ಊರುಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಬೆಳೆಯುವ ಮಕ್ಕಳ ಹಲ್ಲು ಕಂದುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆಯಲ್ಲಿ ಅದು ಕೂತು ಬೆನ್ನು, ಕೀಲು ಬಿಗಿಯುತ್ತವೆ. ನಮ್ಮ ದೇಶದಲ್ಲಿ ಈ ಕಾಯಿಲೆಯನ್ನು ವೈದ್ಯರು ಗುರುತಿಸಿದ್ದು 1937ರಲ್ಲಿ, ಆಗಿನ ನೆಲ್ಲೂರು ಜಿಲ್ಲೆಯಲ್ಲಿ. ಅದಕ್ಕೂ ಮೊದಲೇ ಅಲ್ಲಿಯ ರೈತರು ತಮ್ಮ ಎತ್ತುಗಳ ಕಾಲು ಹಿಡಿಯುವುದನ್ನು ಕಂಡಿದ್ದರು. ಅಷ್ಟು ಹಳೆಯ ಸಂಗತಿ ಇದು. ಆದರೂ ನಾನು ಅರ್ಜಿ ಬರೆದುಕೊಟ್ಟ ಎಷ್ಟೋ ಮಂದಿ ‘ವಯಸ್ಸಾತು, ಅದಕ್ಕ ಬ್ಯಾನಿ’ ಎಂದೇ ನಂಬಿದ್ದರು. ಅವರಲ್ಲಿ ಹಲವರಿಗೆ ಆಗಿನ್ನೂ ನಲವತ್ತು ವರ್ಷವೂ ದಾಟಿರಲಿಲ್ಲ.

2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾಗುವ ತನಕ ವೈಕಲ್ಯ ಅಳೆದು ಪ್ರಮಾಣಪತ್ರ ಕೊಡುವ ನಮ್ಮ ಜಿಲ್ಲಾ ಆಸ್ಪತ್ರೆ ಗುಲ್ಬರ್ಗಾದಲ್ಲಿತ್ತು. ಸುರಪುರದಿಂದ ನೂರು ಕಿಲೋಮೀಟರಿನ ಆಸುಪಾಸು. ಮೊಣಕಾಲು ಮಡಚಿ ಬಸ್ಸಿನಲ್ಲಿ ಕೂತು ಹೋಗಿ, ಸರತಿಯಲ್ಲಿ ನಿಂತು, ವೈದ್ಯರು ಸಿಗದಿದ್ದರೆ ಮತ್ತೊಂದು ದಿನ ಹೋಗಬೇಕು. ಬ್ಯಾನಿ ಹೆಚ್ಚಿದ್ದವರೇ ಪ್ರಮಾಣಪತ್ರದ ಆಸೆ ಮೊದಲು ಬಿಟ್ಟರು. ಈಗ ದಾರಿ ಹತ್ತಿರವಾಗಿದೆ. ಪಂಚಾಯಿತಿಗಳಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅರ್ಜಿ ಆನ್‌ಲೈನ್ ಆಗಿದೆ. ನನ್ನ ಕಸುಬು ಸಣ್ಣದಾಗಿದ್ದರೂ ಇದು ನನಗೆ ಸಂತೋಷದ ಸಂಗತಿ.

ಐವತ್ತರ ಹೊತ್ತಿಗೆ ನನ್ನ ಬೆರಳಿಗೇ ಕೀಲುವಾತ ಬಂತು. ಬೆಳಗಿನ ಜಾವ ಮುಷ್ಟಿ ಕಟ್ಟಲಾಗುವುದಿಲ್ಲ, ಚಹದ ಬಟ್ಟಲು ಎರಡೂ ಕೈಯಿಂದ ಹಿಡಿಯಬೇಕು. ಹೊತ್ತೇರಿದಂತೆ ಬೆರಳು ಸಡಿಲಾಗುತ್ತವೆ. ತಪಾಸಣೆಗೆ ನನ್ನ ಸರದಿ ಬಂದದ್ದು ಮಧ್ಯಾಹ್ನ. ಬೆರಳು ಮಡಚಿದವು. ವೈದ್ಯರು ಕಂಡದ್ದನ್ನು ಬರೆದರು, ಗೆರೆಯ ಕೆಳಗೆ ಉಳಿದೆ. ಈ ಬ್ಯಾನಿ ದಿನಕ್ಕೊಂದು, ಹೊತ್ತಿಗೊಂದು ರೀತಿ ಇರುತ್ತದೆ. ಅದನ್ನು ಒಂದೇ ದಿನ, ಒಂದೇ ಹೊತ್ತಿನಲ್ಲಿ ಅಳೆಯಲಾಗದು. ಬೆಳಿಗ್ಗೆಯೂ ನೋಡಬೇಕು, ಚಳಿಗಾಲದಲ್ಲಿಯೂ ನೋಡಬೇಕು, ಹಳೆಯ ಚೀಟಿಗಳನ್ನು ಓದಬೇಕು.

2024ರ ನಿಯಮದಂತೆ ನಲವತ್ತಕ್ಕಿಂತ ಕಡಿಮೆ ಇದ್ದವರಿಗೆ ಬಿಳಿ ಗುರುತಿನ ಕಾರ್ಡು, ಅದರ ಮೇಲೆ ಹಳದಿ, ಎಂಬತ್ತರಿಂದ ನೀಲಿ. ಬಿಳಿ ಕಾರ್ಡಿಗೆ ಪಗಾರವಿಲ್ಲ. ಗೆರೆ ದಾಟಿದವರಿಗೆ ರಾಜ್ಯ ಕೊಡುವುದು ತಿಂಗಳಿಗೆ 800 ರೂಪಾಯಿ, ಶೇ. 75 ಮೀರಿದರೆ 1,400. ಒಂದು ತಿಂಗಳ ಗುಳಿಗೆಗೆ, ದವಾಖಾನೆಗೆ ಹೋಗಿಬರುವ ಖರ್ಚಿಗೆ ಅಷ್ಟಾದರೂ ಆಗುತ್ತದೆ.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಇಂಥವರಿದ್ದರೆ ಅವರನ್ನು ಬರಿಗೈಯಲ್ಲಿ ತಪಾಸಣೆಗೆ ಕಳಿಸಬೇಡಿ. ಎಕ್ಸ್‌ರೇ, ರಕ್ತಪರೀಕ್ಷೆ, ವರ್ಷಗಳ ಔಷಧಿ ಚೀಟಿ ಎಲ್ಲವನ್ನೂ ಜೋಡಿಸಿಕೊಡಿ. ಬೆಳಗಿನ ಹೊತ್ತು ಯಾವ ಕೆಲಸ ಆಗುವುದಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದುಕೊಡಿ. ಶೇಕಡಾವಾರು ಸರಿಯಿಲ್ಲ ಅನ್ನಿಸಿದರೆ 2016ರ ಕಾಯ್ದೆಯ 59ನೇ ಕಲಮಿನಡಿ ಮೇಲ್ಮನವಿ ಹಾಕುವ ಹಕ್ಕಿದೆ, ಹಾಕಿ. ಬರೆಯಲು ಬಾರದವರು ಶಹಾಪುರಕ್ಕೆ ಬನ್ನಿ, ನಾನು ಬರೆದುಕೊಡುತ್ತೇನೆ.