ಎಳೆಯ ಎಣಿಕೆ, ಲೋಕದ ಆಕೃತಿ: ಉತ್ತರ ಕರ್ನಾಟಕದ ಕಸೂತಿಯ ಪ್ರೇರಣೆಗಳನ್ನು ಕುರಿತು

ಕರ್ನಾಟಕದ ಕರಕುಶಲ ಪರಂಪರೆಯನ್ನು ಕುರಿತ ಬರೆಹಗಳಲ್ಲಿ ಕಸೂತಿಯ ಚರಿತ್ರೆ ಸಾಮಾನ್ಯವಾಗಿ ಎರಡು ಮೂರು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಅದು ಚಾಲುಕ್ಯರ ಕಾಲದಲ್ಲಿ ಹುಟ್ಟಿತು, ಅರಮನೆಯ ಅಂತಃಪುರಗಳಲ್ಲಿ ಬೆಳೆಯಿತು, ಅನಂತರ ಜನಸಾಮಾನ್ಯರ ಮನೆಗಳಿಗೆ ಇಳಿಯಿತು ಎಂಬುದು ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬಂದ ಹೇಳಿಕೆ. ರಾಜವಂಶಗಳ ಕಾಲಾನುಕ್ರಮವನ್ನು ಹೆಣ್ಣುಮಕ್ಕಳ ಸೂಜಿಗೆಲಸದ ಮೇಲೆ ಹೊರಿಸುವ ಈ ಕ್ರಮದಿಂದ ಕಲೆಗೆ ಹಿರಿಮೆ ಬಂದಂತೆ ತೋರಿದರೂ ಅದನ್ನು ಕಟ್ಟಿದವರು ಮರೆಯಾಗುತ್ತಾರೆ. ಕಸೂತಿಯನ್ನು ಹಾಕಿದವರು ಶಾಸನ ಬರೆಯಿಸಿದವರಲ್ಲ. ತಮ್ಮ ಹೆಸರನ್ನು ಬಟ್ಟೆಯ ಅಂಚಿನಲ್ಲಿ ದಾಖಲಿಸಿದವರೂ ಅಲ್ಲ. ಆದರೆ ಅವರು ಉಳಿಸಿಹೋದ ಬಟ್ಟೆಯೇ ಒಂದು ಆಕರ. ಆ ಬಟ್ಟೆಯ ಮುಂಬದಿಯನ್ನು ನೋಡುವಷ್ಟೇ ಎಚ್ಚರದಿಂದ ಹಿಂಬದಿಯನ್ನೂ ನೋಡಿದರೆ, ಕಸೂತಿಯ ಪ್ರೇರಣೆ ಎಲ್ಲಿಂದ ಬಂದಿತು, ಅದು ಹೇಗೆ ಆಕೃತಿಯಾಯಿತು ಎಂಬ ಪ್ರಶ್ನೆಗಳಿಗೆ ಉತ್ತರ ಅಲ್ಲಿಯೇ ದೊರೆಯುತ್ತದೆ ಎಂಬುದು ಪ್ರಸ್ತುತ ಲೇಖನದ ನಿಲುವು.

ಆಕರಗಳ ಸ್ವರೂಪ

‘ಕಸೂತಿ’ ಎಂಬ ಪದವನ್ನು ‘ಕೈ’ ಮತ್ತು ‘ಸೂತಿ’ (ನೂಲು) ಎಂದು ಬಿಡಿಸುವುದು ವಾಡಿಕೆ. ಸೂಜಿಗೆಲಸಕ್ಕೆ ಪಾರಸಿ ಮೂಲದ ‘ಕಶೀದಾ’ ಎಂಬ ಮಾತು ಭಾರತದ ಹಲವೆಡೆ ಬಳಕೆಯಲ್ಲಿದ್ದು, ಎರಡರ ಧ್ವನಿಸಾಮ್ಯವೂ ಗಮನಾರ್ಹವಾದುದು. ಪದದ ಮೂಲ ಯಾವುದೇ ಇರಲಿ, ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಆಡುಮಾತಿನಲ್ಲಿ ಅದು ಒಂದು ನಿರ್ದಿಷ್ಟ ವಿಧಾನದ ಹೆಸರಾಗಿ ನಿಂತಿದೆ.

ಮಧ್ಯಕಾಲೀನ ಕರ್ನಾಟಕದಲ್ಲಿ ಬಟ್ಟೆಯ ಬಗೆಗೆ ಸೂಕ್ಷ್ಮವಾದ ಅರಿವಿದ್ದಿತೆಂಬುದಕ್ಕೆ ಸಾಹಿತ್ಯಾಧಾರಗಳಿಗೆ ಕೊರತೆಯಿಲ್ಲ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (ಆಳ್ವಿಕೆ 1126–1138) ‘ಮಾನಸೋಲ್ಲಾಸ’ದಲ್ಲಿ ವಸ್ತ್ರೋಪಭೋಗಕ್ಕೆಂದೇ ಒಂದು ಭಾಗ ಮೀಸಲಾಗಿದ್ದು, ಬಟ್ಟೆಗಳ ಬಗೆ, ಬಣ್ಣ, ಅವು ಬರುತ್ತಿದ್ದ ನಾಡುಗಳ ವಿವರ ಅಲ್ಲಿದೆ. ಅದು ಉಡುವವನ ದೃಷ್ಟಿ. ಮಾಡುವವರ ದೃಷ್ಟಿ ಕಾಣಬೇಕಾದರೆ ಅದೇ ಶತಮಾನದ ಶರಣರ ಕಡೆಗೆ ತಿರುಗಬೇಕು. ಸೂಜಿಕಾಯಕದ ರಾಮಿತಂದೆ ಸೂಜಿಯ ಕೆಲಸವನ್ನೂ ಕದಿರ ರೆಮ್ಮವ್ವೆ ನೂಲುವ ಕೆಲಸವನ್ನೂ ಕಾಯಕವಾಗಿ ನಡೆಸಿದವರು. ಇವರಿಗಿಂತ ಹಿಂದಿನ ಜೇಡರ ದಾಸಿಮಯ್ಯ ನೇಯ್ಗೆಯವನು. ಕಾಯಕದ ಹೆಸರು ವ್ಯಕ್ತಿಯ ಹೆಸರಿನೊಡನೆ ಬೆಸೆದು ಉಳಿದದ್ದು ನೂಲು, ಮಗ್ಗ, ಸೂಜಿಗಳ ಚರಿತ್ರೆಯಲ್ಲಿ ಅಪರೂಪದ ಸಂಗತಿ. ಅನಂತರದ ಶತಮಾನಗಳಲ್ಲಿ ಮನೆಯೊಳಗಿನ ಸೂಜಿಗೆಲಸಕ್ಕೆ ಇಂತಹ ಭಾಗ್ಯ ದೊರೆಯಲಿಲ್ಲ.

ಶಿಲ್ಪ ಹಾಗೂ ಭಿತ್ತಿಚಿತ್ರಗಳನ್ನು ಕಸೂತಿಯ ಪ್ರಾಚೀನತೆಗೆ ಸಾಕ್ಷಿಯಾಗಿ ಬಳಸುವುದುಂಟು. ಬೇಲೂರಿನ ಮದನಿಕೆಯರ ಉಡುಗೆಯ ಅಂಚು, ಗಡಿಯಾಚೆಯ ಲೇಪಾಕ್ಷಿಯಲ್ಲಿ ವಿಜಯನಗರ ಕಾಲದ ಚಿತ್ರಕಾರರು ಬಿಡಿಸಿದ ಸೀರೆಗಳ ವಿನ್ಯಾಸ ಇವು ನಿಜವಾಗಿಯೂ ಬೆಲೆಯುಳ್ಳ ದಾಖಲೆಗಳು. ಆದರೆ ಕಲ್ಲಿನ ಮೇಲಿನ ಗೆರೆಯಾಗಲಿ ಗೋಡೆಯ ಮೇಲಿನ ಬಣ್ಣವಾಗಲಿ, ಒಂದು ಹೂವು ಮಗ್ಗದಲ್ಲಿ ನೇಯ್ದದ್ದೋ, ಅಚ್ಚಿನಿಂದ ಒತ್ತಿದ್ದೋ, ಸೂಜಿಯಿಂದ ಹಾಕಿದ್ದೋ ಎಂಬುದನ್ನು ಬೇರ್ಪಡಿಸಿ ಹೇಳುವುದಿಲ್ಲ. ಆಕೃತಿಯ ಸಾಮ್ಯದಿಂದ ವಿಧಾನದ ಸಾಮ್ಯವನ್ನು ಊಹಿಸುವುದು ಸಲ್ಲದು. ವಿಧಾನವನ್ನು ತಿಳಿಸಬಲ್ಲದ್ದು ಬಟ್ಟೆ ಮಾತ್ರ.

ನಾಲ್ಕು ಹೊಲಿಗೆಗಳು, ಒಂದು ಲೆಕ್ಕ

ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತ್ಯೆ ಎಂಬ ನಾಲ್ಕು ಹೊಲಿಗೆಗಳಿವೆ. ಗವಂತಿಯಲ್ಲಿ ಸೂಜಿ ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ಎಂಬಂತೆ ಮುಂದೆ ಸಾಗುತ್ತದೆ. ಮರಳಿ ಬರುವಾಗ ಅದೇ ದಾರದಿಂದ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತದೆ. ಪ್ರಯಾಣ ಮುಗಿದಾಗ ಬಟ್ಟೆಯ ಎರಡೂ ಬದಿಗಳಲ್ಲಿ ಒಂದೇ ಗೆರೆ ಮೂಡಿರುತ್ತದೆ. ಮುರ್ಗಿ ಇದೇ ಕ್ರಮದ ಮೆಟ್ಟಿಲು ರೂಪ. ಗೆರೆ ಅಡ್ಡಕ್ಕೂ ಉದ್ದಕ್ಕೂ ಮುರಿದು ಮುರಿದು ನಡೆಯುತ್ತದೆ. ನೇಯ್ಗಿ ಹೆಸರೇ ಹೇಳುವಂತೆ ಮಗ್ಗದ ಕೆಲಸವನ್ನು ಹೋಲುತ್ತದೆ. ಉದ್ದ ಗಿಡ್ಡ ಹೊಲಿಗೆಗಳಿಂದ ಆಕೃತಿ ನೇಯ್ದಂತೆ ಕಾಣುತ್ತದೆ. ಮೆಂತ್ಯೆ ಕತ್ತರಿ ಹೊಲಿಗೆ. ತುಂಬುಕೆಲಸಕ್ಕೆ ಬಳಕೆಯಾಗುವ ಇದರಲ್ಲಿ ಎರಡೂ ಬದಿ ಒಂದೇ ತೆರನಾಗಿರುವುದಿಲ್ಲ.

ಸಾಂಪ್ರದಾಯಿಕ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ರೂಢಿಯಿಲ್ಲ. ಹಾಸು ಹೊಕ್ಕುಗಳ ಎಳೆಗಳನ್ನು ಎಣಿಸಿಯೇ ಆಕೃತಿ ಕಟ್ಟಬೇಕು. ದಾರದ ತುದಿಗೆ ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿಗಳಲ್ಲಿ ಪ್ರತಿಯೊಂದು ಗೆರೆಯನ್ನೂ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಎಂದು ಎರಡು ಸಲ ದಾಟಬೇಕಾದುದರಿಂದ, ಗೆರೆಯಿಂದ ಕವಲೊಡೆಯುವ ಪ್ರತಿ ಟೊಂಗೆಯನ್ನೂ ಎಲ್ಲಿ ಹಿಡಿಯಬೇಕು, ಎಲ್ಲಿಂದ ಮರಳಬೇಕು ಎಂಬುದನ್ನು ಸೂಜಿ ಚುಚ್ಚುವ ಮೊದಲೇ ಮನಸ್ಸಿನಲ್ಲಿ ನಿರ್ಧರಿಸಿಕೊಂಡಿರಬೇಕು. ದಾರಿ ತಪ್ಪಿದರೆ ಹಿಂಬದಿಯಲ್ಲಿ ದಾರ ಅಡ್ಡ ಹಾಯ್ದು ತಪ್ಪನ್ನು ಬಯಲುಮಾಡುತ್ತದೆ. ಒಂದು ಎಳೆ ಎಣಿಕೆ ತಪ್ಪಿದರೆ ಗೋಪುರದ ಕಳಸ ನೆತ್ತಿಯಿಂದ ಜರುಗುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಕ್ಕಳ ಕೈಯಲ್ಲಿ ಶತಮಾನಗಳವರೆಗೆ ಉಳಿದುಬಂದ ಈ ಲೆಕ್ಕಾಚಾರವನ್ನು ಕೇವಲ ‘ಅಲಂಕಾರ’ವೆಂದು ಕರೆಯುವುದು ಅನುಚಿತ.

ಮುಂದೆ ಹೋಗಿ ಹಿಂದೆ ಬರುವ ಈ ಹೊಲಿಗೆ ಯುರೋಪಿನಲ್ಲಿಯೂ ಇದೆ. ಹದಿನಾರನೆಯ ಶತಮಾನದ ಚಿತ್ರಕಾರ ಹಾನ್ಸ್ ಹೋಲ್ಬೈನನ ಭಾವಚಿತ್ರಗಳಲ್ಲಿನ ಉಡುಪುಗಳ ಅಂಚಿನಲ್ಲಿ ಅದು ಕಾಣುವುದರಿಂದ ಅಲ್ಲಿ ಅದಕ್ಕೆ ಅವನ ಹೆಸರೇ ಅಂಟಿಕೊಂಡಿದೆ. ಹೊಲಿದವರ ಹೆಸರು ಅಳಿದು, ಬಿಡಿಸಿದವನ ಹೆಸರು ಉಳಿದ ನಿದರ್ಶನವಿದು. ಎಳೆ ಎಣಿಸಬಹುದಾದ ನೇಯ್ಗೆ ಇರುವೆಡೆ, ಎರಡೂ ಬದಿ ಚೆಂದವಾಗಿರಬೇಕೆಂಬ ಬಯಕೆ ಇರುವೆಡೆ, ಕೈ ತಾನಾಗಿಯೇ ಈ ಉಪಾಯವನ್ನು ಕಂಡುಕೊಳ್ಳಬಲ್ಲದು. ಆದುದರಿಂದ ಹೊಲಿಗೆಯೊಂದರ ಮೂಲಸ್ಥಾನವನ್ನು ಹುಡುಕುವುದಕ್ಕಿಂತ, ಆ ಹೊಲಿಗೆಯಿಂದ ಒಂದು ಪ್ರದೇಶದ ಜನ ಏನನ್ನು ಹೇಳಿದರು ಎಂಬುದನ್ನು ವಿಚಾರಿಸುವುದು ಹೆಚ್ಚು ಫಲಕಾರಿ.

ಆಕೃತಿಗಳ ನೆಲೆ

ಕಸೂತಿಯ ಆಕೃತಿಗಳ ಪಟ್ಟಿಯನ್ನು ಅವಲೋಕಿಸಿದರೆ ಅದೊಂದು ಊರಿನ ಚಿತ್ರ. ಗೋಪುರ, ತೇರು, ತುಳಸಿಕಟ್ಟೆ, ಪಲ್ಲಕ್ಕಿ, ಅಂಬಾರಿ ಹೊತ್ತ ಆನೆ, ನಂದಿ, ಶಂಖ, ತೊಟ್ಟಿಲು, ಗಿಳಿ, ನವಿಲು, ಜಿಂಕೆ, ಕಮಲ ಇವೆಲ್ಲವೂ ಅಂಗಳದಲ್ಲಿಯೋ ಗುಡಿಯ ಮುಂದೆಯೋ ಜಾತ್ರೆಯ ಬಯಲಿನಲ್ಲಿಯೋ ಕಣ್ಣಿಗೆ ಬಿದ್ದಂಥವು. ಆದರೆ ಕಂಡದ್ದನ್ನು ಕಂಡಂತೆಯೇ ಇಳಿಸುವುದು ಇಲ್ಲಿ ಸಾಧ್ಯವಿಲ್ಲ. ಎಳೆಯ ಲೆಕ್ಕ ಅಡ್ಡ, ಉದ್ದ, ಓರೆಗೆರೆಗಳಿಗೆ ಮಾತ್ರ ಅವಕಾಶ ಕೊಡುತ್ತದೆ. ನವಿಲಿನ ಕೊರಳಿನ ಬಾಗು ಮೆಟ್ಟಿಲಾಗಬೇಕು. ತೇರಿನ ಗಾಲಿ ಎಂಟು ಮೂಲೆಯದಾಗಬೇಕು. ಪ್ರೇರಣೆ ಎಂಬುದು ಇಲ್ಲಿ ಅನುಕರಣೆಯಲ್ಲ, ಲೋಕದ ವಸ್ತುವನ್ನು ಎಣಿಕೆಯ ಭಾಷೆಗೆ ತಿರುಗಿಸುವ ಕ್ರಿಯೆ. ಅಂಗಳದಲ್ಲಿ ಚುಕ್ಕಿಯಿಟ್ಟು ರಂಗವಲ್ಲಿ ಎಳೆಯುವ ಕೈಗೆ ಈ ಭಾಷೆ ಅಪರಿಚಿತವಲ್ಲ.

ಈ ಸಂಬಂಧವನ್ನು ಸ್ಪಷ್ಟವಾಗಿ ಕಾಣಲು ಬಾದಾಮಿಯ ಸಮೀಪದ ಚೊಳಚಗುಡ್ಡದ ಬನಶಂಕರಿ ಜಾತ್ರೆಯನ್ನು ನೋಡಬೇಕು. ಬನಶಂಕರಿಯು ನೇಕಾರ ದೇವಾಂಗರ ಕುಲದೇವತೆಯೂ ಹೌದು. (ಬೆಂಗಳೂರಿನ ಹೊಸಕೆರೆಹಳ್ಳಿಯ ನೆರೆಯಲ್ಲಿರುವ ಬನಶಂಕರಿ ಬಡಾವಣೆಗೂ ಇದೇ ದೇವತೆಯ ಹೆಸರು ಅಲ್ಲಿನ ಗುಡಿಯ ಮೂಲಕ ಬಂದಿದೆ.) ಪುಷ್ಯ ಮಾಸದ ಬನದ ಹುಣ್ಣಿಮೆಗೆ ಚೊಳಚಗುಡ್ಡದಲ್ಲಿ ತೇರು ಎಳೆಯುತ್ತದೆ, ಬಣ್ಣದ ಮರದ ತೊಟ್ಟಿಲುಗಳು ಮಾರಾಟಕ್ಕೆ ಬರುತ್ತವೆ, ಇಳಕಲ್ಲ ಸೀರೆ, ಗುಳೇದಗುಡ್ಡದ ಖಣದ ಅಂಗಡಿಗಳು ಸಾಲುಗಟ್ಟುತ್ತವೆ. ತೇರು, ತೊಟ್ಟಿಲು, ಸೀರೆ ಮೂರೂ ಒಂದೇ ಬಯಲಿನಲ್ಲಿ ಸೇರುವ ನಾಡಿನಲ್ಲಿ ಸೀರೆಯ ಮೇಲೆ ತೇರೂ ತೊಟ್ಟಿಲೂ ಮೂಡಿದುದರಲ್ಲಿ ಅಚ್ಚರಿಯೇನಿಲ್ಲ.

ಕಸೂತಿಗೆ ನೆಲವಾದದ್ದು ಮುಖ್ಯವಾಗಿ ಇಳಕಲ್ಲ ಸೀರೆ. ಈ ಸೀರೆಯ ಮೈಯ ಹಾಸಿಗೆ ಸೆರಗಿನ ಹಾಸನ್ನು ‘ಕೊಂಡಿ’ ಹಾಕಿ ಜೋಡಿಸುವ ಕ್ರಮ ನೇಕಾರರ ವೈಶಿಷ್ಟ್ಯ. ಸೆರಗಿನ ಬಿಳಿ ಕೆಂಪು ಹಲ್ಲುಗಳಿಗೆ ಹಣಿಗೆ, ಜೋಳದ ತೆನೆ, ಕೋಟೆಯ ತೆನೆಗಳ ಹೋಲಿಕೆಯಿಂದ ಹೆಸರುಗಳು ಬಂದಿವೆ. ಅಂದರೆ ಮಗ್ಗದ ಮೇಲೆಯೇ ಸುತ್ತಲಿನ ಲೋಕ ಒಮ್ಮೆ ಎಣಿಕೆಗೆ ಇಳಿದಿರುತ್ತದೆ. ಸೂಜಿ ಆ ಕೆಲಸವನ್ನು ಮುಂದುವರಿಸುತ್ತದೆ. ಸೆರಗಿನ ಬಳಿ ದೊಡ್ಡ ಆಕೃತಿಗಳು, ಅಲ್ಲಿಂದ ದೂರ ಸರಿದಂತೆ ಚಿಕ್ಕ ಬುಟ್ಟಾಗಳು ಎಂಬುದು ವಿನ್ಯಾಸದ ಕ್ರಮ. ಮದುವಣಗಿತ್ತಿಗೆ ಕೊಡುವ ಕಪ್ಪು ‘ಚಂದ್ರಕಾಳಿ’ ಸೀರೆಯ ಮೇಲೆ ಕಸೂತಿ ಇರಬೇಕೆಂಬ ಸಂಪ್ರದಾಯವಿದ್ದಿತು. ಕುಪ್ಪಸ, ಮಕ್ಕಳ ಕುಲಾಯಿ, ಕುಂಚಿಗೆಗಳ ಮೇಲೂ ಕಸೂತಿ ಹಾಕುತ್ತಿದ್ದರು. ಮದುವೆ, ಬಾಣಂತನ, ತೊಟ್ಟಿಲು ಎಂಬ ಸಂದರ್ಭಗಳಿಗೆ ಮನೆಯ ಹಿರಿಯ ಹೆಂಗಸರು ಹಾಕಿಕೊಡುತ್ತಿದ್ದ ಈ ಕೆಲಸಕ್ಕೆ ಬೆಲೆಯಿದ್ದರೂ ಕೂಲಿಯಿರಲಿಲ್ಲ. ಕಿರಿಯರು ಹಳೆಯ ಸೀರೆಯನ್ನು ಎದುರಿಗೆ ಹರಡಿ ಎಳೆ ಎಣಿಸಿ ಕಲಿಯುತ್ತಿದ್ದರು. ಸೀರೆಯೇ ಪಠ್ಯವಾಗಿತ್ತು.

ನೆರೆಯ ಎರಡು ಪರಂಪರೆಗಳು

ಕಸೂತಿಯ ವಿಶಿಷ್ಟತೆ ತಿಳಿಯಲು ಕರ್ನಾಟಕದ ಇನ್ನೆರಡು ಸೂಜಿ ಪರಂಪರೆಗಳೊಡನೆ ಹೋಲಿಸುವುದು ಉಚಿತ. ಲಂಬಾಣಿ ತಾಂಡಾಗಳ ಫೇಟಿಯಾ, ಕಾಂಚಳಿಗಳಲ್ಲಿ ಕನ್ನಡಿ, ಕವಡೆ, ನಾಣ್ಯಗಳು ಹೊಲಿಗೆಯೊಡನೆ ಸೇರುತ್ತವೆ. ಸಾಗಾಟದ ಬದುಕನ್ನು ಬಾಳಿದ ಸಮುದಾಯವೊಂದು ತನ್ನ ಸಂಪತ್ತನ್ನೂ ಗುರುತನ್ನೂ ಮೈಮೇಲೆಯೇ ಹೊತ್ತು ನಡೆದ ಬಗೆ ಅದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಪರಿಸರದ ಸಿದ್ದಿ ಮಹಿಳೆಯರ ಕೌದಿಯದು ಬೇರೆ ದಾರಿ. ಉಟ್ಟು ಹಳತಾದ ಬಟ್ಟೆಯ ತುಂಡುಗಳನ್ನು ಅಂಚಿನ ಮೂಲೆಯಿಂದ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿನ ಕಡೆಗೆ ಹೊಲಿಯುತ್ತ ಬರುತ್ತಾರೆ. ಅಲ್ಲಿ ಮುಂಗಡ ಲೆಕ್ಕಕ್ಕಿಂತ ಕೈಗೆ ಸಿಕ್ಕ ತುಂಡಿನ ಬಣ್ಣ, ಅಳತೆಗಳೇ ಮುಂದಿನ ಹೆಜ್ಜೆಯನ್ನು ಸೂಚಿಸುತ್ತವೆ. ಕಸೂತಿ ಎಳೆಯಿಂದ, ಲಂಬಾಣಿ ಕೆಲಸ ಆಭರಣದಿಂದ, ಕೌದಿ ಬಟ್ಟೆಯ ನೆನಪಿನಿಂದ ಹೊರಡುತ್ತವೆ ಎನ್ನಬಹುದು. ಮೂರರಲ್ಲಿಯೂ ಸಾಮಗ್ರಿಯೇ ಪ್ರೇರಣೆಯ ಮೊದಲ ಗುರು.

ಮನೆಯಿಂದ ಮಾರುಕಟ್ಟೆಗೆ

ಸ್ವಾತಂತ್ರ್ಯಾನಂತರ ಈ ಕಲೆಗಳು ಸಾರ್ವಜನಿಕ ವ್ಯವಸ್ಥೆಯೊಳಗೆ ಬಂದವು. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾಗಿದ್ದ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ (1903–1988) ಅವರು ಕರಕುಶಲಿಗಳಿಗೆ ಕಲಾವಿದರ ಸ್ಥಾನ ದೊರಕಿಸಲು ಶ್ರಮಿಸಿದರು. 1964ರಲ್ಲಿ ರೂಪುಗೊಂಡ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮವು ‘ಕಾವೇರಿ’ ಮಳಿಗೆಗಳ ಮೂಲಕ ಮಾರಾಟಕ್ಕೆ ದಾರಿ ಮಾಡಿತು. ಕಸೂತಿಗೆ 2006ರಲ್ಲಿಯೂ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿಯೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಕಾರ್ಯತಂಡದ ಸಭೆಯ ಸಂದರ್ಭದಲ್ಲಿ ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಮಹಿಳೆಯರು ರೂಪಿಸಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು.

ಈ ಬೆಳವಣಿಗೆಗಳ ಮಹತ್ವವನ್ನು ಅಲ್ಲಗಳೆಯುವಂತಿಲ್ಲ. ಮನೆಯಲ್ಲಿ ಕೂಲಿಯಿಲ್ಲದೆ ನಡೆದ ಕೆಲಸ ಹೆಣ್ಣುಮಕ್ಕಳ ಕೈಗೆ ಹಣ ತಂದಿತು. ಆದರೆ ಭೌಗೋಳಿಕ ಸೂಚಕ ಕಾಯುವುದು ಹೆಸರನ್ನು. ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕಾದ ಆ ನೋಂದಣಿ ಬೇರೆಡೆಯ ಸರಕು ಅದೇ ಹೆಸರಿನಲ್ಲಿ ಮಾರಾಟವಾಗದಂತೆ ತಡೆಯಬಲ್ಲದು. ಕಸೂತಿಯ ಗೋಪುರವನ್ನು ಯಂತ್ರದಲ್ಲಿ ಹೊಲಿದು ಅಥವಾ ಬಟ್ಟೆಯ ಮೇಲೆ ಅಚ್ಚೊತ್ತಿ, ಹೆಸರನ್ನು ಬಳಸದೆ ಮಾರಿದರೆ ಸೂಚಕದ ಕೈ ಅಲ್ಲಿಗೆ ಚಾಚುವುದಿಲ್ಲ. ಇನ್ನೊಂದು ಬದಲಾವಣೆ ಬಟ್ಟೆಯದು. ನುಣುಪಾದ ಗಿರಣಿ ಬಟ್ಟೆಯಲ್ಲಿ ಎಳೆ ಎಣಿಕೆಗೆ ಸಿಗುವುದಿಲ್ಲ. ಅದರ ಮೇಲೆ ಜಾಳಾದ ಬಟ್ಟೆಯೊಂದನ್ನು ತಾತ್ಕಾಲಿಕವಾಗಿ ಹೊಲಿದು, ಅದರ ಎಳೆ ಎಣಿಸಿ ಕಸೂತಿ ಹಾಕಿ, ಕೊನೆಗೆ ಆ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಕಲೆ ಹೊಸ ಬಟ್ಟೆಗೆ ಒಗ್ಗಿಕೊಂಡ ಜಾಣ್ಮೆ ಇದಾದರೂ ಕೈಮಗ್ಗಕ್ಕೂ ಸೂಜಿಗೂ ಇದ್ದ ನೇರ ಸಂಬಂಧ ಅಲ್ಲಿ ಕಡಿದುಹೋಗುತ್ತದೆ. ಇಳಕಲ್ಲ ಮಗ್ಗದ ಅಳಿವು ಉಳಿವು ಕಸೂತಿಯ ಪ್ರಶ್ನೆಯೂ ಹೌದು.

ಉಪಸಂಹಾರ

ಆಕೃತಿಗಳನ್ನು ಸಂಗ್ರಹಿಸಿ ಮುದ್ರಿಸಿದ ಮಾತ್ರಕ್ಕೆ ಕಸೂತಿ ಉಳಿದಂತಾಗುವುದಿಲ್ಲ. ಗೋಪುರದ ಚಿತ್ರವನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಅದನ್ನು ಕಟ್ಟಿದ ಸೂಜಿಯ ದಾರಿ ಮಾತ್ರ ಕೈಯಿಂದ ಕೈಗೆ ದಾಟಬೇಕಾದುದು. ಆದುದರಿಂದ ಸಂಗ್ರಹಾಲಯಗಳೂ ಸಂಶೋಧಕರೂ ಹಳೆಯ ಕಸೂತಿಯನ್ನು ದಾಖಲಿಸುವಾಗ ಆಕೃತಿಯ ಹೆಸರಿನೊಡನೆ ಹೊಲಿಗೆಯ ಬಗೆ, ಎಳೆಯ ಎಣಿಕೆ, ಸೂಜಿ ಹೊರಟು ಮರಳಿದ ಕ್ರಮ, ಬಟ್ಟೆಯ ಹಿಂಬದಿಯ ಛಾಯಾಚಿತ್ರ ಇವನ್ನು ಸೇರಿಸುವುದು ಅಗತ್ಯ. ಹಾಕಿದವರು ಇಂದಿಗೂ ಇದ್ದು ಒಪ್ಪಿಗೆಯಿತ್ತರೆ ಅವರ ಹೆಸರನ್ನೂ ಊರನ್ನೂ ತಪ್ಪದೆ ನಮೂದಿಸಬೇಕು. ಹನ್ನೆರಡನೆಯ ಶತಮಾನ ಒಬ್ಬ ರಾಮಿತಂದೆಯ ಹೆಸರಿನೊಡನೆ ಸೂಜಿಯನ್ನು ಉಳಿಸಿಕೊಟ್ಟಿತು. ಕಸೂತಿಯ ಹೆಣ್ಣುಮಕ್ಕಳಿಗೆ ಅಷ್ಟು ಗೌರವವನ್ನು ಸಲ್ಲಿಸುವುದು ನಮ್ಮ ಕಾಲದ ಹೊಣೆ.